ಮುದ್ದನಕುಂಟೆಯ ಏಳು ತಂಬಿಗೆ ಮಳೆ

ಗೌಡಗೆರೆ ಹೋಬಳಿಯ ಮುದ್ದನಕುಂಟೆಯಲ್ಲಿ ವಿಜ್ಞಾನಕ್ಕೆ ಏನಾದರೂ ಸಂಕಟ ಬಂದರೆ ಮೊದಲು ಓಡಿಹೋಗುತ್ತಿದ್ದವರು ದೊಡ್ಡರಂಗಪ್ಪನವರು. ಸಂಕಟ ಬರದಿದ್ದಾಗಲೂ ಹೋಗುತ್ತಿದ್ದರು. ಅವರು ಹೋದಮೇಲೆ ಹೇಗೂ ಬರುತ್ತಿತ್ತು.

ವಯಸ್ಸು ಎಪ್ಪತ್ತೆರಡು. ಮೂವತ್ತು ವರ್ಷ ಪಂಚಾಯ್ತಿಯ ನೀರುಗಂಟಿಯಾಗಿ ಊರಿನ ಒಂದೊಂದು ಬೀದಿಗೂ ನೀರು ಬಿಟ್ಟು, ನಿಲ್ಲಿಸಿ, ಬೈಸಿಕೊಂಡು ನಿವೃತ್ತರಾದವರು. ವಾಲ್ವು ತಿರುಗಿಸಿ ತಿರುಗಿಸಿ ಜಗತ್ತಿನ ಸಮಸ್ತ ವ್ಯವಹಾರವೂ ಅವರಿಗೆ ವಾಲ್ವಿನ ಮೂಲಕವೇ ಅರ್ಥವಾಗುತ್ತಿತ್ತು. ಸಂಜೆ ಜಗಲಿಯ ಮೇಲೆ ಉಪನ್ಯಾಸ. ಕೇಳುವವಳು ಒಬ್ಬಳೇ, ಒಂಬತ್ತನೇ ಕ್ಲಾಸಿನ ಮೊಮ್ಮಗಳು ತೇಜಸ್ವಿನಿ.

"ಸಂಸಾರ ಅಂದ್ರೆ ಪೈಪ್‌ಲೈನ್ ಕಣಮ್ಮ. ಮೇಲಿನ ಬೀದಿಯೋರು ನಲ್ಲಿ ತಿರುಗಿಸ್ಕಂಡು ಕೂತ್ರೆ ಕೆಳಗಿನ ಬೀದಿಗೆ ಬರೀ ಗಾಳಿ ಬತ್ತೈತೆ. ಸಮಾಜಾನೂ ಅಂಗೇ. ಅದಕ್ಕೇ ಮಧ್ಯದಲ್ಲಿ ಒಬ್ಬ ನೀರುಗಂಟಿ ಇರಬೇಕು."

"ವಿಜ್ಞಾನ, ತಾತ?"

"ವಿಜ್ಞಾನ ಅಂದ್ರೆ ಮೀಟ್ರು. ಮನುಷ್ಯ ಸುಳ್ಳು ಹೇಳ್ತಾನೆ, ಮೀಟ್ರು ಹೇಳಲ್ಲ. ಯಂತ್ರಕ್ಕೆ ಸುಳ್ಳು ಹೇಳಾಕೆ ಬಾಯಿ ಎಲ್ಲೈತೆ?"

ಒಳಗೆ ಕಡಲೆಕಾಯಿ ಬಿಡಿಸುತ್ತ ಕೂತ ಹನುಮಕ್ಕನವರು ಅಲ್ಲಿಂದಲೇ ಅನ್ನುತ್ತಿದ್ದರು: "ಅದರ ಪಾಲಿಂದೂ ನಿಮಗೇ ಕೊಟ್ಟವ್ನೆ ಬುಡಿ ದೇವ್ರು."

ಹೆಂಡತಿ ಏನೇ ಅನ್ನಲಿ, ದೊಡ್ಡರಂಗಪ್ಪನವರ ಒಂದು ವಿಷಯಕ್ಕೆ ಮಾತ್ರ ಊರಿನಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ. ಅದು ಅವರ ಮಳೆ ಪುಸ್ತಕ. ಇಪ್ಪತ್ತಾರು ವರ್ಷದ ಹಿಂದೆ ಕೃಷಿ ಇಲಾಖೆಯವರು ಯಾರೋ ಒಬ್ಬರು ಮಳೆ ಅಳೆಯುವ ಪ್ಲಾಸ್ಟಿಕ್ ಜಾಡಿಯೊಂದನ್ನು ಇವರ ಕೈಗೆ ಕೊಟ್ಟು ಹೋಗಿದ್ದರು. ಮತ್ತೆ ಕೇಳಲು ಬರಲಿಲ್ಲ. ಆದರೆ ದೊಡ್ಡರಂಗಪ್ಪನವರು ಅಂದಿನಿಂದ ದಿನಾ ಬೆಳಗ್ಗೆ ಎಂಟೂವರೆಗೆ ಜಾಡಿ ನೋಡಿ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಶಿರಾ ಸೀಮೆಯ ಆಕಾಶ ಎಲ್ಲರಿಗೂ ಗೊತ್ತಿರುವಂಥದ್ದೇ. ಪುಸ್ತಕದ ತುಂಬ ಹೆಚ್ಚಾಗಿ ಇದ್ದದ್ದು ಸೊನ್ನೆ. ಆದರೂ ಪ್ರತಿ ಸೊನ್ನೆಯನ್ನೂ ಅವರು ಇಡ್ಲಿಯಷ್ಟು ದುಂಡಗೆ, ಮರ್ಯಾದೆಯಿಂದ ಬರೆದಿದ್ದರು. ಮಗ ಪ್ರಸನ್ನ ಕುಮಾರನ ಮದುವೆ ಮಧುಗಿರಿಯಲ್ಲಿ ಆದಾಗ, ಧಾರೆಗೆ ಎರಡು ಗಂಟೆ ಇದೆ ಎನ್ನುವಾಗ ಯಾರದೋ ಬೈಕು ಹತ್ತಿ ಊರಿಗೆ ಬಂದು, ಒಂದು ಸೊನ್ನೆ ಬರೆದು, ವಾಪಸು ಹೋಗಿ ಧಾರೆ ಎರೆದವರು ಅವರು. ಇಪ್ಪತ್ತಾರು ವರ್ಷದಲ್ಲಿ ಆ ಪುಸ್ತಕದಲ್ಲಿ ಒಂದೇ ಒಂದು ಸುಳ್ಳು ಅಂಕಿ ಇರಲಿಲ್ಲ.

ಒಂಬತ್ತು ವರ್ಷದ ಹಿಂದೆ ಪಂಚಾಯ್ತಿ ಕಾಂಪೌಂಡಿನಲ್ಲಿ ಮಳೆ ಅಳೆಯುವ ಯಂತ್ರ ಬಂತು. ಒಂದು ಕಂಬ, ಕಂಬದ ಮೇಲೆ ಆಕಾಶಕ್ಕೆ ಬಾಯಿ ತೆರೆದ ಬಿಳೀ ಡಬ್ಬ, ಪಕ್ಕಕ್ಕೊಂದು ಅಂಗೈಯಗಲದ ಸೋಲಾರ್ ಪ್ಲೇಟು, ಸುತ್ತ ತಂತಿ ಬೇಲಿ. ಎಷ್ಟು ಮಳೆ ಬಿತ್ತು ಎಂಬುದನ್ನು ಅದು ಕಾಲು ಗಂಟೆಗೊಮ್ಮೆ ತಾನೇ ದೂರದ ಕಚೇರಿಗೆ ತಿಳಿಸುತ್ತಿತ್ತು. ಇನ್ನು ಮುದುಕನ ಪುಸ್ತಕ ಒಲೆಗೆ ಎಂದು ಊರು ತೀರ್ಮಾನಿಸಿತು. ದೊಡ್ಡರಂಗಪ್ಪನವರು ಮಾತ್ರ ಎಳ್ಳಷ್ಟೂ ಬೇಜಾರು ಮಾಡಿಕೊಳ್ಳಲಿಲ್ಲ. "ಸರ್ಕಾರ ನನಗೊಂದು ಅಸಿಸ್ಟೆಂಟ್ ಕೊಟ್ಟೈತೆ" ಎಂದರು. ಬೇಲಿಯ ಬೀಗದ ಕೀಲಿಯನ್ನು ತಮ್ಮ ಹಳೆಯ ವಾಲ್ವು ಕೀಲಿಗಳ ಗೊಂಚಲಿಗೆ ಸೇರಿಸಿಕೊಂಡರು. ನಿವೃತ್ತರ ಹತ್ತಿರ ಆ ಗೊಂಚಲನ್ನು ವಾಪಸು ಕೇಳುವುದು ಯಾರಿಗೂ ನೆನಪಾಗಿರಲಿಲ್ಲ.

ಹೀಗಿರಲಾಗಿ ಆಯುಧಪೂಜೆ ಬಂತು.

ಆ ದಿನ ಮುದ್ದನಕುಂಟೆಯಲ್ಲಿ ನೀರು ಕಾಣದೆ ಉಳಿಯುವ ಕಬ್ಬಿಣವೇ ಇಲ್ಲ. ಟ್ರ್ಯಾಕ್ಟರು, ನೇಗಿಲು, ಕುಡುಗೋಲು, ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬ, ಮಿಕ್ಸಿ, ಹೊಲಿಗೆ ಮಿಷನ್ನು, ಎಲ್ಲವೂ ಮಿಂದು ಅರಿಶಿನ ಕುಂಕುಮ ಹಚ್ಚಿಕೊಂಡು ಚೆಂಡುಹೂ ಮುಡಿದು ನಿಂತಿದ್ದವು. ಪಕ್ಕದ ಮನೆಯ ಲಕ್ಷ್ಮೀಪತಿ ಭಕ್ತಿಯ ಭರದಲ್ಲಿ ಮೊಬೈಲನ್ನೂ ತೊಳೆದಿದ್ದ. ಅದು ಅಂದಿನಿಂದ ಮೌನವ್ರತ ಹಿಡಿದಿದೆ.

ದೊಡ್ಡರಂಗಪ್ಪನವರು ಮಳೆ ಪುಸ್ತಕವನ್ನೂ ಪೆನ್ನನ್ನೂ ದೇವರ ಮುಂದಿಟ್ಟು ಕುಂಕುಮ ಇಟ್ಟರು. ಪೂಜೆಗೆ ಇಟ್ಟ ಪುಸ್ತಕವನ್ನು ಮಾರನೆಯ ದಿನ ವಿಜಯದಶಮಿಗೇ ತೆಗೆಯುವುದು ಅವರ ಪದ್ಧತಿ. ಆ ಎರಡು ದಿನದ ಮಳೆಯನ್ನು ಒಟ್ಟಿಗೆ ಬರೆಯುತ್ತಿದ್ದರು. ಆಮೇಲೆ ಒಂದು ಬಕೆಟ್ ನೀರು, ಹನುಮಕ್ಕನವರ ತವರಿನ ಹಿತ್ತಾಳೆ ತಂಬಿಗೆ, ಹೂವಿನ ಹಾರ ಹಿಡಿದು ಅಸಿಸ್ಟೆಂಟಿನ ಕಡೆ ಹೊರಟರು. ಹಿಂದೆ ತೇಜಸ್ವಿನಿ ತೆಂಗಿನಕಾಯಿ ಹಿಡಿದು.

ಕಂಬ ಒರೆಸಿದ್ದಾಯಿತು. ಸೋಲಾರ್ ಪ್ಲೇಟಿಗೆ ಕುಂಕುಮ ಇಟ್ಟಿದ್ದಾಯಿತು. ಆಮೇಲೆ ಅವರು ತಂಬಿಗೆ ತುಂಬಿಕೊಂಡು ಡಬ್ಬದ ಬಾಯಿಗೆ ಎತ್ತಿದರು.

"ತಾತ, ತಾತ! ಒಳಕ್ಕೆ ಹಾಕ್ಬೇಡ. ಮಳೆ ಅಂದ್ಕಂಡ್‌ಬುಡುತ್ತೆ!"

ದೊಡ್ಡರಂಗಪ್ಪನವರು ಮೊಮ್ಮಗಳನ್ನು ಕನಿಕರದಿಂದ ನೋಡಿದರು. ಈಗಿನ ಮಕ್ಕಳ ವಿಜ್ಞಾನ ಎಷ್ಟು ಆಳವಿಲ್ಲದ್ದು ಎಂದು ಅವರಿಗೆ ಬೇಸರವಾಯಿತು.

"ಲೇ, ಅದು ಯಂತ್ರ ಕಣಮ್ಮ. ಮಳೆ ನೀರು ಯಾವ್ದು, ಬೋರ್‌ವೆಲ್ ನೀರು ಯಾವ್ದು ಅಂತ ಗೊತ್ತಾಗ್ದಂಗೆ ಇರ್ತದಾ? ಮಳೆ ನೀರು ಸಿಹಿ, ನಮ್ಮ ಬೋರ್‌ವೆಲ್ಲಿಂದು ಗಡಸು. ಬಾಯಿಗೆ ಬಿದ್ದ ತಕ್ಷಣ ಗೊತ್ತಾಯ್ತದೆ."

ಹಿಂದಿನ ವರ್ಷಗಳಲ್ಲಿ ಒಂದು ತಂಬಿಗೆ, ಎರಡು ತಂಬಿಗೆ, ಮೂರು ತಂಬಿಗೆಯಲ್ಲಿ ಮುಗಿಸುತ್ತಿದ್ದರು. ಈ ವರ್ಷ ಹುರುಪು ಹೆಚ್ಚಿತ್ತು. ಗಂಗೆ ಎಂದು ಒಂದು, ಯಮುನೆ ಎಂದು ಒಂದು, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಡೆಗೆ ಕಾವೇರಿ ಎಂದು ಒಂದು. ಏಳು ಮಹಾನದಿಗಳು ಒಂದೇ ಬೋರ್‌ವೆಲ್ಲಿನಿಂದ ಹೊರಟು ಅರ್ಧ ಗಂಟೆಯಲ್ಲಿ ಸರ್ಕಾರಿ ಯಂತ್ರದಲ್ಲಿ ಸಂಗಮವಾದವು. ಕಾಯಿ ಒಡೆದರು. ಕಡ್ಲೆಪುರಿ ಹಂಚಿದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಮನೆಗೆ ಬಂದು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಫೋನು ಬಂತು. ಶಿರಾದಲ್ಲಿ ಬೈಕ್ ಗ್ಯಾರೇಜು ಇಟ್ಟಿರುವ ಮಗ ಪ್ರಸನ್ನ ಕುಮಾರ್.

"ಅಪ್ಪಾ! ಎಲ್ಲಿದ್ದೀಯಾ? ಮಾಳಿಗೆ ಹತ್ತು! ಅವ್ವನ್ನೂ ಹತ್ಸು!"

"ಯಾಕ್ಲಾ? ಏನಾಯ್ತು?"

"ಊರಲ್ಲಿ ಮೇಘಸ್ಫೋಟ ಆಗೈತಲ್ಲಪ್ಪ!"

ದೊಡ್ಡರಂಗಪ್ಪನವರು ಬಾಗಿಲಿಂದ ಹೊರಗೆ ನೋಡಿದರು. ಅಂಗಳದಲ್ಲಿ ಎಮ್ಮೆ ಬಿಸಿಲಿಗೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

"ಇಲ್ಲಿ ಬಿಸ್ಲು ಕಾಯ್ತೈತೆ. ನಿಮ್ಮವ್ವ ಹಪ್ಪಳ ಒಣಗಾಕವ್ಳೆ."

"ಸರ್ಕಾರದ ಲೆಕ್ಕ ಕಣಪ್ಪ! ಅರ್ಧ ಗಂಟೆಗೆ ನೂರ ಹನ್ನೆರಡು ಮಿಲಿಮೀಟರು! ಗ್ರೂಪಲ್ಲಿ ಫೋಟೋನೂ ಬಂದೈತೆ, ನಮ್ಮೂರ ಬೀದೀಲಿ ಆಟೋ ತೇಲ್ತಾ ಐತೆ!"

ಫೋಟೋ ತೇಜಸ್ವಿನಿಯ ಮೊಬೈಲಿಗೂ ಬಂತು. 'ಮುದ್ದನಕುಂಟೆ ಜಲಾವೃತ' ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಆಟೋ ನಿಜಕ್ಕೂ ತೇಲುತ್ತಿತ್ತು. ಅದರ ಹಿಂದೆ ಸಮುದ್ರ ಕಾಣುತ್ತಿತ್ತು.

ಆ ಫೋನು ಇಡುವಷ್ಟರಲ್ಲಿ ಪಾವಗಡದ ಕಡೆ ರಾಯಚರ್ಲುವಿನಿಂದ ತಂಗಿ ಗಂಗಲಕ್ಷ್ಮಮ್ಮನ ತೆಲುಗು ಬೆರೆತ ಅಳು ಕೇಳಿಸಿತು.

"ಅಯ್ಯೋ ಅಣ್ಣಯ್ಯ, ಬಾಗುನ್ನಾವಾ? ಹನುಮಕ್ಕ ವದಿನ ಎಲ್ಲಿ? ಎಮ್ಮೆ ಎಲ್ಲಿ?"

"ಎಲ್ರೂ ಚೆನ್ನಾಗವ್ರೆ ಕಣಮ್ಮ. ಇಲ್ಲಿ ಮಳೇನೇ ಬಂದಿಲ್ಲ."

"ಊರುಕೋ, ಸುಮ್ನಿರು ಅಣ್ಣಯ್ಯ, ನನಗೆ ಧೈರ್ಯ ಹೇಳಾಕೆ ಸುಳ್ಳು ಹೇಳ್ತೀಯಾ? ಇಲ್ಲಿ ಸೋಲಾರ್ ಪಾರ್ಕಲ್ಲಿ ಪ್ಲೇಟ್ ತೊಳೆಯೋರೆಲ್ಲಾ ನಿಮ್ಮೂರಿಂದೇ ಮಾತಾಡ್ತಾವ್ರೆ. ಎರಡು ಕಂಬಳಿ, ಒಂದು ಡಬ್ಬ ಮಾವಿನ ಉಪ್ಪಿನಕಾಯಿ ಬಸ್ಸಿಗೆ ಹಾಕ್ತಾ ಇದ್ದೀನಿ. ಎತ್ತರದಲ್ಲಿ ಇಟ್ಕೋ!"

ದೊಡ್ಡರಂಗಪ್ಪನವರು ಫೋನು ಇಟ್ಟು ಮೊಮ್ಮಗಳ ಮುಖ ನೋಡಿದರು. ಮೊಮ್ಮಗಳು ಆಗಲೇ ಸ್ಕೇಲು ಹಿಡಿದು ಓಡಿಹೋಗಿ, ಯಂತ್ರದ ಬಾಯಿ ಅಳೆದು, ವಾಪಸು ಬಂದು ಹೋಳಿಗೆ ಕಟ್ಟಿದ್ದ ಪೇಪರಿನ ಮೇಲೆ ಲೆಕ್ಕ ಹಾಕುತ್ತಿದ್ದಳು.

"ಬಾಯಗಲ ಇಪ್ಪತ್ತು ಸೆಂಟಿಮೀಟರು ತಾತ. ಅಜ್ಜಿ ತಂಬಿಗೆ ಅರ್ಧ ಲೀಟರು. ಒಂದು ತಂಬಿಗೆ ಹಾಕಿದ್ರೆ ಹದಿನಾರು ಮಿಲಿಮೀಟರ್ ಮಳೆ. ಏಳು ಹದಿನಾರ್ಲೆ…"

"ನೂರ ಹನ್ನೆರಡು" ಎಂದರು ಹನುಮಕ್ಕ, ಹಪ್ಪಳ ತಿರುವಿ ಹಾಕುತ್ತ. ಮಗ್ಗಿಯಲ್ಲಿ ಅವರನ್ನು ಆ ಬೀದಿಯಲ್ಲಿ ಯಾರೂ ಮೀರಿಸುವಂತಿರಲಿಲ್ಲ.

ದೊಡ್ಡರಂಗಪ್ಪನವರು ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಇಟ್ಟರು. ಯಂತ್ರಕ್ಕೆ ಸುಳ್ಳು ಹೇಳಲು ಬಾಯಿಲ್ಲ ಎಂದು ಒಂಬತ್ತು ವರ್ಷ ಸಾರಿದವರು. ಇಪ್ಪತ್ತು ಸೆಂಟಿಮೀಟರ್ ಅಗಲದ ಬಾಯಿದೆ ಎಂದು ಮೊಮ್ಮಗಳು ಸ್ಕೇಲು ಹಿಡಿದು ತೋರಿಸಿಬಿಟ್ಟಿದ್ದಳು.

"ಈಗ್ಲೇ ಪಂಚಾಯ್ತಿಗೆ ಹೋಗಿ ಹೇಳ್ಬುಟ್ಟು ಬತ್ತೀನಿ" ಎಂದು ಎದ್ದು ನಿಂತರು. ಅಷ್ಟರಲ್ಲಿ ಲಕ್ಷ್ಮೀಪತಿ ಒಳಗೆ ನುಗ್ಗಿದ. ಅವನ ಮುಖದಲ್ಲಿ ಆಗಷ್ಟೇ ಮಗು ಹುಟ್ಟಿದವರ ಕಳೆ.

"ದೊಡ್ಡಪ್ಪ, ನಿನ್ನ ಕಾಲು ಎಲ್ಲಿ? ಏನು ಮಳೆ ಸುರಿಸ್ಬುಟ್ಟೆ ದೊಡ್ಡಪ್ಪ!"

"ಮಳೆ ಎಲ್ಲಿ ಬಂತ್ಲಾ?"

"ಬಾಯಿ ಬಿಡಬ್ಯಾಡ. ಮಳೆಗೆ ಗೋಡೆ ಬಿದ್ರೆ ಪರಿಹಾರ ಐತೆ. ನಮ್ಮ ಕೊಟ್ಟಿಗೆ ಗೋಡೆ ಬಿದ್ದೈತಲ್ಲ?"

"ಅದು ಬಿದ್ದು ಎರಡು ವರ್ಷ ಆಯ್ತಲ್ಲಲೇ!"

"ಇವತ್ತು ಬೆಳಗ್ಗೆ ಬಿತ್ತು ದೊಡ್ಡಪ್ಪ" ಎಂದ ಲಕ್ಷ್ಮೀಪತಿ, ಒಬ್ಬ ಮುದುಕರಿಗೆ ನೆನಪು ಕೈಕೊಟ್ಟಾಗ ತೋರಿಸಬೇಕಾದ ತಾಳ್ಮೆಯಿಂದ.

ಹೊರಗೆ ನೋಡಿದರೆ ಬೀದಿಯಲ್ಲಿ ತೊಳೆಯುವ ಕೆಲಸ ಮುಗಿದು ನೆನೆಸುವ ಕೆಲಸ ಶುರುವಾಗಿತ್ತು. ಎದುರುಮನೆಯ ಚನ್ನಮಲ್ಲಮ್ಮನವರು ಬಚ್ಚಲ ಗೋಡೆಗೆ ಬಿಂದಿಗೆಗಟ್ಟಲೆ ನೀರು ಎರಚುತ್ತಿದ್ದರು. ಶಿವಪೂಜೆ ಮಾಡದೆ ಒಂದು ತೊಟ್ಟು ನೀರು ಬಾಯಿಗೆ ಹಾಕದ ಹೆಂಗಸು. ಗೋಡೆ ಮಾತ್ರ ಆಗಲೇ ನಾಲ್ಕು ಬಿಂದಿಗೆ ಕುಡಿದಿತ್ತು.

"ಏನ್ರೀ ಚನ್ನಮಲ್ಲಮ್ಮ, ನೀವೂನಾ?" ಎಂದರು ಹನುಮಕ್ಕ.

"ಅಯ್ಯೋ, ನಾನೇನು ಸುಳ್ಳು ಹೇಳ್ತಾ ಇದ್ದೀನಾ ಹನುಮಕ್ಕ? ಗೋಡೆ ನೆಂದೈತೋ ಇಲ್ವೋ ಮುಟ್ಟಿ ನೋಡ್ರಿ."

ಮಧ್ಯಾಹ್ನ ಹನ್ನೆರಡಕ್ಕೆ ಸರ್ಕಾರ ಬಂತು. ಮುಂದೆ ಬೈಕಿನಲ್ಲಿ ಗ್ರಾಮ ಆಡಳಿತಾಧಿಕಾರಿ ರೇಣುಕಯ್ಯನವರು. ಮೈಮೇಲೆ ರೇನ್‌ಕೋಟು, ಪ್ಯಾಂಟು ಮಂಡಿಯ ತನಕ ಮಡಚಿದ್ದು, ಹಬ್ಬದ ಊಟ ಬಿಟ್ಟು ಬಂದ ಮುಖ, ಮುಖದ ಮೇಲೆ ಉರಿಬಿಸಿಲು. ಹಿಂದೆ ಜೀಪಿನಲ್ಲಿ ಹಗ್ಗದ ಸುರುಳಿ, ನಾಲ್ಕು ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು, ಅವುಗಳ ನಡುವೆ ಮಳೆ ಲೆಕ್ಕದ ಕಚೇರಿಯ ಚೇತನ್ ಕುಮಾರ್ ಎಂಬ ಕನ್ನಡಕದ ಯುವಕ.

ಪಂಚಾಯ್ತಿ ಮುಂದೆ ಇಳಿದ ರೇಣುಕಯ್ಯನವರು ಎಡಕ್ಕೆ ನೋಡಿದರು. ಧೂಳು. ಬಲಕ್ಕೆ ನೋಡಿದರು. ಧೂಳಿನಲ್ಲಿ ಕೋಳಿ ಹೊರಳಾಡುತ್ತಿತ್ತು.

"ನೀರೆಲ್ರೀ?"

"ಇಂಗೋಯ್ತು ಸಾರ್" ಎಂದ ಲಕ್ಷ್ಮೀಪತಿ. "ನಮ್ಮದು ಕೆಂಪು ಮಣ್ಣು. ಬಾಯಾರಿತ್ತು."

"ನೂರ ಹನ್ನೆರಡು ಮಿಲಿಮೀಟರ್ ಮಳೆ ಎರಡು ಗಂಟೇಲಿ ಇಂಗೋಯ್ತಾ?"

"ತುಂಬಾ ಬಾಯಾರಿತ್ತು ಸಾರ್."

ರೇಣುಕಯ್ಯನವರು ರೇನ್‌ಕೋಟಿನ ಗುಂಡಿ ಬಿಚ್ಚಿದರು. ಒಳಗಿಂದ ಹಬೆ ಬಂತು. ಅವರ ಕಷ್ಟ ಸಣ್ಣದಾಗಿರಲಿಲ್ಲ. ನಾಲ್ಕು ಗಂಟೆಯೊಳಗೆ ವರದಿ ಹೋಗಬೇಕು. ಯಂತ್ರ ನೂರ ಹನ್ನೆರಡು ಅನ್ನುತ್ತದೆ, ಕಣ್ಣು ಸೊನ್ನೆ ಅನ್ನುತ್ತದೆ. ವರದಿಯ ಫಾರಮ್ಮಿನಲ್ಲಿ ಯಂತ್ರಕ್ಕೆ ಕಾಲಂ ಇದೆ, ಕಣ್ಣಿಗೆ ಇಲ್ಲ.

"ಇನ್ನೊಂದು ದಾಖಲೆ ಬೇಕು. ಇಲ್ಲಿ ಯಾರೋ ಕೈಯಲ್ಲಿ ಮಳೆ ಬರೆದಿಡ್ತಾರಂತಲ್ಲ? ಅವರ ಪುಸ್ತಕದಲ್ಲಿ ಏನೈತೋ ಅದೇ ಬರಕೊಂಡು ಹೋಗ್ತೀನಿ. ಯಾರ್ರೀ ಅವರು?"

ಇಡೀ ಊರು ದೊಡ್ಡರಂಗಪ್ಪನವರ ಕಡೆ ತಿರುಗಿತು. ಇಪ್ಪತ್ತಾರು ವರ್ಷದಿಂದ ಯಾರೂ ಕೇಳದಿದ್ದ ಪುಸ್ತಕವನ್ನು ಸರ್ಕಾರವೇ ಬಾಗಿಲಿಗೆ ಬಂದು ಕೇಳುತ್ತಿದೆ. ಬೇರೆ ದಿನವಾಗಿದ್ದರೆ ಅವರು ಸಂತೋಷಕ್ಕೆ ಮೂರ್ಛೆ ಹೋಗುತ್ತಿದ್ದರು.

ಲಕ್ಷ್ಮೀಪತಿ ಕಿವಿಯ ಹತ್ತಿರ ಬಂದ. "ಒಂದೇ ಒಂದು ಸಲ ದೊಡ್ಡಪ್ಪ. ಒಂದು ನೂರ ಹನ್ನೆರಡು ಬರೆದ್ಬುಡು. ಅಲ್ಲಾ, ಸರ್ಕಾರಿ ಯಂತ್ರಕ್ಕೆ ನೀರು ಹಾಕಿದ್ದು ನಾನೇ ಅಂತ ಒಪ್ಕಂಡ್ರೆ ಕೇಸು ಆಗಲ್ವಾ? ಬೀಗದ ಕೀಲೀನೂ ಕಿತ್ಕತಾರೆ. ಆಮೇಲೆ ನಿನ್ನ ಅಸಿಸ್ಟೆಂಟ್‌ನ ಬೇಲಿಯಾಚೆ ನಿಂತು ನೋಡ್ಬೇಕು."

ದೊಡ್ಡರಂಗಪ್ಪನವರ ಕೈ ಸೊಂಟದ ಗೊಂಚಲಿಗೆ ಹೋಯಿತು. "ಪುಸ್ತಕ ಪೂಜೆಗೆ ಇಟ್ಟೀನಿ ಸಾರ್. ಇವತ್ತು ತೆಗಿಯೋ ಅಂಗಿಲ್ಲ. ನಾಳೆ…"

"ತಗಳಿ" ಎಂಬ ದನಿ ಕೇಳಿತು. ಹನುಮಕ್ಕನವರು ಪುಸ್ತಕ ಹಿಡಿದು ನಿಂತಿದ್ದರು. ರಟ್ಟಿನ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು.

"ಲೇ, ಪೂಜೆಗಿಟ್ಟಿದ್ದು ಕಣೇ!"

"ಇದ್ದದ್ದು ಇದ್ದಂಗೆ ಬರೆಯೋಕೆ ಪಂಚಾಂಗ ನೋಡ್ತಾರಾ? ಸೊನ್ನೆ ಬರೆಯಾಕೆ ಮಗನ ಧಾರೆ ಬುಟ್ಟು ಬಂದೋರು ನೀವು. ನಮ್ಮಣ್ಣದೀರು ಇವತ್ತಿಗೂ ನನ್ನ ಅದಕ್ಕೇ ಆಡ್ಕಂತಾರೆ. ಈಗ ಸುಳ್ಳು ಬರೆದ್ರೆ ನನ್ನ ಅಷ್ಟು ವರ್ಷದ ಮಾನ ಯಾರು ಕೊಡ್ತಾರೆ?"

ದೊಡ್ಡರಂಗಪ್ಪನವರು ಪೆನ್ನು ತೆಗೆದರು. ಪುಸ್ತಕವನ್ನು ರೇಣುಕಯ್ಯನವರ ಬೈಕಿನ ಸೀಟಿನ ಮೇಲೆ ಬಿಚ್ಚಿ ಇಟ್ಟರು. ಊರು ಉಸಿರು ಹಿಡಿಯಿತು. ಅವರು ಬರೆದರು. ಇಡ್ಲಿಯಷ್ಟು ದುಂಡಗೆ, ಒಂದು ಸೊನ್ನೆ.

ಹಿಂದೆ ಯಾರೋ ಬಿಂದಿಗೆ ಕೆಳಗಿಟ್ಟ ಸದ್ದಾಯಿತು.

"ಅಲ್ರೀ, ಹಾಗಾದ್ರೆ ಯಂತ್ರ ಸುಳ್ಳು ಹೇಳ್ತಾ?" ಎಂದರು ರೇಣುಕಯ್ಯ.

"ಯಂತ್ರ ಸುಳ್ಳು ಹೇಳಲ್ಲ ಅಂತ ಇವರೇ ದಿನಾ ಹೇಳ್ತಿದ್ರು ಸಾರ್!" ಲಕ್ಷ್ಮೀಪತಿಯ ಕೊನೆಯ ಬಾಣ.

"ಈಗಲೂ ಹೇಳ್ತೀನಿ" ಎಂದರು ದೊಡ್ಡರಂಗಪ್ಪ. ಸತ್ಯ ಬರೆದಾದ ಮೇಲೆ ಅವರ ಉಪನ್ಯಾಸದ ದನಿ ವಾಪಸು ಬಂದಿತ್ತು. "ಯಂತ್ರ ಸುಳ್ಳು ಹೇಳಿಲ್ಲ ಸಾರ್. ಕುಡಿದಷ್ಟನ್ನ ಹೇಳೈತೆ. ಕುಡಿಸಿದೋನು ನಾನು. ಏಳು ತಂಬಿಗೆ."

ರೇಣುಕಯ್ಯನವರು ಬೇಲಿಯ ಪಕ್ಕ ಬಕೆಟ್ಟಿನ ಜೊತೆ ಉಳಿದಿದ್ದ ತಂಬಿಗೆ ನೋಡಿದರು, ಆಕಾಶ ನೋಡಿದರು, ನಕ್ಕರು. "ಅಜ್ಜ, ನಾನು ರೆವಿನ್ಯೂದಲ್ಲಿ ಹತ್ತೊಂಬತ್ತು ವರ್ಷ ಕಳೆದೋನು. ಮೂರೂವರೆ ಲೀಟರ್ ನೀರಲ್ಲಿ ಮೇಘಸ್ಫೋಟ ಆಗುತ್ತೆ ಅಂದ್ರೆ, ನಾನು ದಿನಾ ಸ್ನಾನ ಮಾಡಿದ್ರೆ ತಾಲ್ಲೂಕೇ ಮುಳುಗಬೇಕಿತ್ತು."

"ಪ್ರಯೋಗ ಮಾಡಿ ತೋರಿಸ್ಲಾ ಸಾರ್?" ಎಂದಳು ತೇಜಸ್ವಿನಿ.

ಚೇತನ್ ಕುಮಾರ್ ಬೇಡ ಎಂದು ಬಾಯಿ ತೆರೆಯುವಷ್ಟರಲ್ಲಿ ದೊಡ್ಡರಂಗಪ್ಪನವರು ಬೀಗ ತೆಗೆದು, ತಂಬಿಗೆ ತುಂಬಿ, ಅಭ್ಯಾಸಬಲದಿಂದ "ಗಂಗೆ" ಎಂದು ಸುರಿದೇಬಿಟ್ಟರು. ಊರೆಲ್ಲ ಯಂತ್ರದ ಸುತ್ತ ನಿಂತು ಕಾಯಿತು. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಏನೂ ಆಗಲಿಲ್ಲ. ರೇಣುಕಯ್ಯನವರು ಗೆದ್ದ ನಗೆ ನಗುವ ಹೊತ್ತಿಗೆ ಅವರ ಜೇಬು ಕೂಗಿತು. ಮೇಲಧಿಕಾರಿ. ದನಿ ಎಷ್ಟು ಜೋರಾಗಿತ್ತೆಂದರೆ ಕಡೆಯ ಸಾಲಿನ ಚನ್ನಮಲ್ಲಮ್ಮನವರಿಗೂ ಕೇಳಿಸಿತು.

"ರೇಣುಕಯ್ಯ! ಎಲ್ಲಿದ್ದೀರಿ? ಅಲ್ಲಿ ಮತ್ತೆ ಮಳೆ ಶುರುವಾಯ್ತಲ್ರೀ! ಹದಿನಾರು! ಮೊದಲು ಎತ್ತರದ ಜಾಗಕ್ಕೆ ಹೋಗ್ರೀ!"

ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಮೇಲಧಿಕಾರಿಯ ಮಾತನ್ನು ಒಮ್ಮೆಯೂ ಮೀರದ ರೇಣುಕಯ್ಯನವರು ಪಂಚಾಯ್ತಿಯ ಮೂರು ಮೆಟ್ಟಿಲು ಹತ್ತಿ ನಿಂತು, "ಹೋಗಿದೀನಿ ಸಾರ್" ಎಂದರು.

ಈ ಗಲಾಟೆಯಲ್ಲಿ ಚೇತನ್ ಕುಮಾರನನ್ನು ಯಾರೂ ಗಮನಿಸಿರಲಿಲ್ಲ. ಅವನು ಮೊಬೈಲು ತೆರೆದು ಏನನ್ನೋ ಹುಡುಕುತ್ತಿದ್ದ. ಮುಖ ಬಿಳಿಚಿಕೊಂಡಿತ್ತು.

"ಅಜ್ಜ, ಹೋದ ವರ್ಷ ಎಷ್ಟು ತಂಬಿಗೆ ಹಾಕಿದ್ರಿ?"

"ಮೂರು."

"ನಲವತ್ತೆಂಟು" ಎಂದು ಗೊಣಗಿದ. "ಅದರ ಹಿಂದಿನ ವರ್ಷ?"

"ಎರಡು. ಆವತ್ತು ಕರೆಂಟ್ ಇರ್ಲಿಲ್ಲ, ನೀರು ಕಮ್ಮಿ ಇತ್ತು."

"ಮೂವತ್ತೆರಡು." ಅವನು ಜೀಪಿನ ಹಗ್ಗದ ಸುರುಳಿಯ ಮೇಲೆ ಕುಸಿದು ಕೂತ. "ಅದಕ್ಕೂ ಮೊದಲು ಒಂದು. ಹದಿನಾರು. ಅಯ್ಯೋ ದೇವರೇ."

ಅವನು ಬಿಡಿಸಿ ಹೇಳಿದ ವಿಷಯ ಏನೆಂದರೆ, ಈ ಭಾಗದಲ್ಲಿ ಕೆಲವು ವರ್ಷಗಳಿಂದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದೇ ಒಂದು ದಿನ, ಮೋಡವೇ ಇಲ್ಲದ ಆಕಾಶದಿಂದ, ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ಮಳೆ ಬಿದ್ದು ನಿಂತುಬಿಡುತ್ತಿತ್ತು. ಕಚೇರಿಯ ಹಿರಿಯರೊಬ್ಬರು ಅದರ ಬಗ್ಗೆ ನಲವತ್ತು ಪುಟದ ವರದಿ ಬರೆದಿದ್ದರು. ಮೂಡಣ ಗಾಳಿ ಚನ್ನರಾಯನದುರ್ಗದ ಬೆಟ್ಟಕ್ಕೆ ಬಡಿದು ಹೀಗೆ ಆಗುತ್ತದೆ ಎಂದು ಬಣ್ಣದ ನಕ್ಷೆ ಹಾಕಿ ತೋರಿಸಿದ್ದರು. ಆ ದಿನ ಒಂದು ವರ್ಷ ಸೆಪ್ಟೆಂಬರ್ ಕೊನೆಗೆ, ಇನ್ನೊಂದು ವರ್ಷ ಅಕ್ಟೋಬರ್ ನಡುವಿಗೆ ಸರಿದಾಡುವುದನ್ನು ಕಂಡು, ಹವಾಮಾನ ಬದಲಾವಣೆಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇರಿಲ್ಲ ಎಂದೂ ಬರೆದಿದ್ದರು. ಆ ಬಣ್ಣದ ನಕ್ಷೆ ಬಿಡಿಸಿದವನು ಚೇತನ್ ಕುಮಾರನೇ.

"ಕಂಪ್ಯೂಟರಿಗೆ ಇಂಗ್ಲಿಷ್ ತಾರೀಕು ಗೊತ್ತು" ಎಂದಳು ತೇಜಸ್ವಿನಿ ಮೆಲ್ಲಗೆ. "ನವಮಿ ಗೊತ್ತಿಲ್ಲ."

ದೊಡ್ಡರಂಗಪ್ಪನವರು ಆ ಹುಡುಗನ ಹೆಗಲ ಮೇಲೆ ಕೈಯಿಟ್ಟರು. ವಿಜ್ಞಾನಿಗಳ ಕಷ್ಟ ವಿಜ್ಞಾನಿಗಳಿಗೇ ಗೊತ್ತು.

"ಇರ್ಲಿ ಬುಡಪ್ಪ. ಚನ್ನರಾಯನದುರ್ಗದ ಕಡೆ ಎಷ್ಟು ಬೀಳ್ತದೆ ಆವತ್ತು?"

"ಇಪ್ಪತ್ತೈದು. ಇಲ್ಲಾಂದ್ರೆ ಐವತ್ತು. ಒಂದು ವರ್ಷ ಎಪ್ಪತ್ತೈದು."

ದೊಡ್ಡರಂಗಪ್ಪನವರು ಗಂಭೀರವಾಗಿ ತಲೆಯಾಡಿಸಿದರು. "ಅವರ ತಂಬಿಗೆ ದೊಡ್ಡದು."

ರೇಣುಕಯ್ಯನವರು ಮೆಟ್ಟಿಲಿಳಿದು ಬಂದು ಮುಖ್ಯ ಕೆಲಸಕ್ಕೆ ಕೈಯಿಟ್ಟರು. ಲೆಕ್ಕಕ್ಕೆ ಸೇರಿಹೋದ ಮಳೆಯನ್ನು ತೆಗೆಯಬೇಕಾದರೆ ಚೇತನ್ ಕುಮಾರನ ಮೊಬೈಲಿನಲ್ಲಿ ಕಾರಣ ಒತ್ತಬೇಕು. ಅಲ್ಲಿ ಐದು ಕಾರಣಗಳಿದ್ದವು: ಬ್ಯಾಟರಿ ಹೋಗಿದೆ, ಜೇಡ ಕಟ್ಟಿದೆ, ಹಕ್ಕಿ ಗಲೀಜು ಮಾಡಿದೆ, ಸಿಡಿಲು ಬಡಿದಿದೆ, ಇತರೆ.

"ಇತರೆ ಒತ್ತಿ" ಎಂದರು ರೇಣುಕಯ್ಯ. "ವಿವರ ಕೇಳುತ್ತಾ? ಬರೀರಿ. ಸದರಿ ಯಂತ್ರಕ್ಕೆ ಸದರಿ ಗ್ರಾಮದ ನಿವೃತ್ತ ನೀರುಗಂಟಿಯವರು ಸದರಿ ಹಬ್ಬದ ದಿನದಂದು ಯಾವುದೇ ದುರುದ್ದೇಶವಿಲ್ಲದೆ ಏಳು ನದಿಗಳನ್ನು ಹರಿಸಿರುತ್ತಾರೆ."

ಆಮೇಲೆ ಅವರು ದೊಡ್ಡರಂಗಪ್ಪನವರ ಮುಂದೆ ಕೈ ಚಾಚಿದರು. "ಬೇಲಿ ಕೀಲಿ ಕೊಡಿ."

ದೊಡ್ಡರಂಗಪ್ಪನವರು ಗೊಂಚಲಿನಿಂದ ಆ ಒಂದು ಕೀಲಿಯನ್ನು ಬಿಡಿಸಲು ನೋಡಿದರು. ಒಂಬತ್ತು ವರ್ಷದ ತುಕ್ಕಿಗೆ ಬಳೆಯಿಂದ ಅದು ಬರಲೇ ಇಲ್ಲ.

"ಬೇಡ ಸಾರ್" ಎಂದು ಎದ್ದು ಬಂದ ಚೇತನ್ ಕುಮಾರ್. ಅಷ್ಟು ಹೊತ್ತೂ ಅವನು ಬೈಕಿನ ಸೀಟಿನ ಮೇಲೆ ಬಿದ್ದಿದ್ದ ಪುಸ್ತಕದ ಹಾಳೆ ತಿರುವುತ್ತಿದ್ದ. "ನಮ್ಮ ಯಂತ್ರದ ಪ್ರತಿ ದಿನದ ಲೆಕ್ಕ ಸರಿಯಾ ತಪ್ಪಾ ಅಂತ ತಾಳೆ ನೋಡೋಕೆ ಇಡೀ ತಾಲ್ಲೂಕಲ್ಲಿ ಇರೋದು ಇದೊಂದೇ ಪುಸ್ತಕ. ಕೀಲಿ ಅಜ್ಜನ ಹತ್ರಾನೇ ಇರಲಿ. ತಂಬಿಗೆ ಮಾತ್ರ ವಶಕ್ಕೆ ತಗೊಳ್ಳೋಣ."

"ಮುಟ್ಟಿ ನೋಡಿ!" ಎಂದು ಹನುಮಕ್ಕನವರು ತಂಬಿಗೆಯನ್ನು ಸೆರಗಿನೊಳಗೆ ಎಳೆದುಕೊಂಡರು. "ನಮ್ಮವ್ವ ಮಡಿಲಕ್ಕಿ ಜೊತೆ ಕೊಟ್ಟಿದ್ದು. ತಪ್ಪು ಮಾಡಿದೋರು ಇವರು, ಜೈಲಿಗೆ ನನ್ನ ತಂಬಿಗೆ ಹೋಗ್ಬೇಕಾ?"

ಸರ್ಕಾರ ಹಿಂದೆ ಸರಿಯಿತು. ಇನ್ನು ಮುಂದೆ ಯಂತ್ರಕ್ಕೆ ಒಣ ಬಟ್ಟೆಯ ಪೂಜೆ ಮಾತ್ರ ಎಂದು ಒಪ್ಪಂದವಾಗಿ, ಎಲ್ಲರೂ ಹೋಳಿಗೆ ತಿಂದರು. ರೇಣುಕಯ್ಯನವರು ಆರು ತಿಂದರು. ಚೇತನ್ ಕುಮಾರ್ ಎರಡು ತಿಂದು, ನಲವತ್ತು ಪುಟದ ಹಿರಿಯರಿಗೆ ಈ ಸುದ್ದಿಯನ್ನು ಹೇಗೆ ಮುಟ್ಟಿಸುವುದೆಂದು ಯೋಚಿಸುತ್ತ ಮೂರನೆಯದನ್ನು ಅರ್ಧಕ್ಕೇ ಬಿಟ್ಟ.

ಅವರ ಜೀಪು ಊರು ದಾಟುತ್ತಿದ್ದ ಹಾಗೆ ಹಿಂದೆ ದೊಪ್ಪೆಂದು ಸದ್ದಾಯಿತು. ಬೆಳಗ್ಗೆಯಿಂದ ನೆನೆಸಿದ್ದ ಲಕ್ಷ್ಮೀಪತಿಯ ಮನೆಯ ಗಟ್ಟಿ ಗೋಡೆ ಬಿದ್ದಿತ್ತು. ಅವನು ರಸ್ತೆಗೆ ಓಡಿಬಂದು "ಸಾರ್, ಸಾರ್, ಈಗ ನಿಜವಾಗ್ಲೂ ಬಿತ್ತು ಸಾರ್!" ಎಂದು ಕೂಗಿದ. ಜೀಪಿನ ಧೂಳು ಮಾತ್ರ ಕೇಳಿಸಿಕೊಂಡಿತು.

ಮಾರನೆಯ ದಿನ, ವಿಜಯದಶಮಿ. ಮೊದಲ ಬಸ್ಸಿಗೆ ರಾಯಚರ್ಲುವಿನಿಂದ ಎರಡು ಕಂಬಳಿ, ಒಂದು ಡಬ್ಬ ಉಪ್ಪಿನಕಾಯಿ ಬಂದಿಳಿದವು. ಮುದ್ದನಕುಂಟೆಯ ಮಹಾಮಳೆಗೆ ಬಂದ ಒಟ್ಟು ಪರಿಹಾರ ಅಷ್ಟೇ. ದೊಡ್ಡರಂಗಪ್ಪನವರು ಎಂಟೂವರೆಗೆ ಸರಿಯಾಗಿ ಜಾಡಿ ನೋಡಿ ಬಂದು ಪುಸ್ತಕ ಬಿಚ್ಚಿದರು. ನಿನ್ನೆಯ ಸೊನ್ನೆ ಅಲ್ಲೇ ದುಂಡಗೆ ಕೂತಿತ್ತು.

"ತಾತ, ಯಂತ್ರದ ಲೆಕ್ಕ ಅಳಿಸಿಬುಟ್ರು. ಆದ್ರೆ ನೀರು ಬಿದ್ದಿದ್ದಂತೂ ನಿಜ ಅಲ್ವಾ?" ಎಂದಳು ತೇಜಸ್ವಿನಿ.

ದೊಡ್ಡರಂಗಪ್ಪನವರು ಮೊಮ್ಮಗಳ ಸ್ಕೇಲು ಇಸಿದುಕೊಂಡು, ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ, ಪುಟದಲ್ಲಿ ಎರಡು ಹೊಸ ಗೆರೆ ಎಳೆದು ಮೂರು ಕಾಲಂ ಮಾಡಿದರು. ಮೊದಲನೆಯದಕ್ಕೆ ಮಳೆ ಎಂದು ತಲೆಬರಹ ಕೊಟ್ಟರು. ಅಲ್ಲಿ ಸೊನ್ನೆ ಇದ್ದೇ ಇತ್ತು. ಎರಡನೆಯದಕ್ಕೆ ಭಕ್ತಿ ಎಂದು ಬರೆದು ನೂರ ಹನ್ನೆರಡು ಹಾಕಿದರು. ಮೂರನೆಯದಕ್ಕೆ ಮೊಮ್ಮಗಳ ಪ್ರಯೋಗದ ಹದಿನಾರು ಉಳಿದಿತ್ತು. ಅದರ ಮೇಲೆ ವಿಜ್ಞಾನ ಎಂದು ಬರೆದರು.

ಒಳಗಿನಿಂದ ಉಪ್ಪಿನಕಾಯಿ ಡಬ್ಬ ತೆಗೆಯುವ ಸದ್ದಿನ ಜೊತೆಗೆ ಹನುಮಕ್ಕನವರ ದನಿ ಬಂತು: "ಒಟ್ಟು ನೂರ ಇಪ್ಪತ್ತೆಂಟು!"

"ಅವು ಮೂರನ್ನೂ ಕೂಡಬಾರ್ದು ಕಣೇ" ಎಂದು ದೊಡ್ಡರಂಗಪ್ಪನವರು ಪೆನ್ನಿಗೆ ಮುಚ್ಚಳ ಹಾಕಿದರು.